ಹಿಡಿಕೆಗೆ ಕಟ್ಟಿದ ಬಟ್ಟೆ

ಮೂರು ಸಲ ಸೋಪು ಹಚ್ಚಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಅವಳು ಬೋಗುಣಿಯ ಬಿಸಿನೀರನ್ನು ಬದಲಾಯಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಮತ್ತೊಮ್ಮೆ ಅದ್ದಿ, ಗಂಡನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು. ನಡುಬೆರಳಿಗೂ ಉಂಗುರದ ಬೆರಳಿಗೂ ಉಜ್ಜಲು ಉಗುರೇ ಇರಲಿಲ್ಲ. ಅವೆರಡೂ ನಲವತ್ತೊಂದು ವರ್ಷಗಳ ಹಿಂದೆಯೇ ಅರ್ಧಕ್ಕೆ ಮುಗಿದುಹೋಗಿದ್ದವು.

"ಬಿಡೇ ಸಾಕು," ಎಂದಳು ಗಂಡನ ಅಕ್ಕ, ಕಿಟಕಿಯ ಬಳಿಯ ಕುರ್ಚಿಯಿಂದ. "ಮದುವೆ ದಿನಾನೇ ಹೋಗದೆ ಇದ್ದ ಕಪ್ಪು ಇವತ್ತು ಹೋಗತ್ತಾ?"

"ಇನ್ನೊಂದೇ ಸಲ ಅತ್ತಿಗೆ."

"ಉಜ್ಜಿ ಉಜ್ಜಿ ಇರೋ ಎಂಟನ್ನೂ ಸವೆಸ್ಬೇಡ."

ಎಂಬತ್ತರ ಹೊಸ್ತಿಲಲ್ಲಿದ್ದ ಆ ಮುದುಕಿ ಎರಡು ದಿನಗಳಿಂದ ಅತ್ತಿರಲಿಲ್ಲ, ಬದಲಿಗೆ ಬೈಯುತ್ತಿದ್ದಳು. ತಮ್ಮ ತನಗಿಂತ ಮೊದಲು ಹೋದದ್ದು ಅವಳ ಪಾಲಿಗೆ ಸಾಲಿನಲ್ಲಿ ಹಿಂದೆ ನಿಂತವನು ಮುಂದೆ ನುಗ್ಗಿದಂತಹ ಅಪರಾಧವಾಗಿತ್ತು. ಹೊರಕೋಣೆಯ ಬೆಂಚಿನ ಮೇಲೆ ಕುಳಿತಿದ್ದ ಗಿರಣಿಯ ಹಳಬರಿಗೆ ಕೇಳುವಂತೆ ದನಿಯೆತ್ತಿ ಅಂದಳು: "ಸರತಿ ನಂದು ಕಣ್ರಪ್ಪ. ಅದನ್ನೂ ಮರೆತ. ಹುಟ್ಟಾ ಮರೆಗುಳಿ."

ಹೊರಗಿನವರು ಮೆಲ್ಲನೆ ನಕ್ಕರು. ಗಿರಣಿಯಲ್ಲಿ ಅವನಿಗೆ ಇದ್ದ ಹೆಸರೇ ಅದು, ಮರೆಗುಳಿಯಣ್ಣ. ಉದ್ದೆಳೆಯ ಒಂದು ಹಾಸಿನಲ್ಲಿ ಎಷ್ಟು ಸಾವಿರ ಎಳೆ, ಯಾವ ಮಗ್ಗಕ್ಕೆ ಯಾವ ತಿಂಗಳು ಬೆಲ್ಟು ಬದಲಾಯಿಸಿದ್ದು, ಯಾರ ಮಗುವಿಗೆ ಎಷ್ಟನೆಯ ವಯಸ್ಸಿನಲ್ಲಿ ದಡಾರ ಬಂದಿತ್ತು, ಇವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದವನಿಗೆ ಆ ಹೆಸರು ಹೇಗೆ ಹೊಂದಿತೆಂದು ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಮರೆತಿದ್ದ, ಎರಡು ಬೆರಳು ಹೋಗಿದ್ದವು. ಹೆಸರಿಗೆ ಅಷ್ಟು ಸಾಕಾಗಿತ್ತು.

ಅವಳು ಬ್ರಷ್ಷನ್ನು ಬೋಗುಣಿಗೆ ಹಾಕಿದಳು, ಮತ್ತೆ ತೆಗೆದಳು. ಎದ್ದು ಟವೆಲನ್ನು ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಇನ್ನೊಂದು ಬಗೆಯಲ್ಲಿ ಮಡಿಸಿದಳು. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ, ಬೆಳಗಿನಿಂದ ಹೀಗೆಯೇ ನಡೆದಿತ್ತು.

ಒಂಬತ್ತು ಗಂಟೆಗೆ ಮ್ಯೂಸಿಯಮ್ಮಿನ ಅಧಿಕಾರಿ ಬಂದ. ಹಳೆಯ ಗಿರಣಿ ಮುಚ್ಚಿ ಹನ್ನೆರಡು ವರ್ಷ ಹಾಳುಬಿದ್ದು, ಆಮೇಲೆ ಅದರ ನೇಯ್ಗೆಯ ಮನೆಯೊಂದನ್ನು ಉಳಿಸಿ ಮ್ಯೂಸಿಯಂ ಮಾಡಿದ್ದರು. ಎಂಟು ಮಗ್ಗಗಳು, ಎಲ್ಲಕ್ಕೂ ಸೇರಿ ಮೇಲೆ ತಿರುಗುವ ಒಂದೇ ಉದ್ದನೆಯ ಸಲಾಕೆ, ಅದರಿಂದ ಒಂದೊಂದು ಮಗ್ಗಕ್ಕೂ ಇಳಿಬಿದ್ದ ತೊಗಲಿನ ಬೆಲ್ಟು. ಆ ಮುದಿ ಮಗ್ಗಗಳು ಅವಳ ಗಂಡನೊಬ್ಬನ ಮಾತನ್ನು ಮಾತ್ರ ಕೇಳುತ್ತಿದ್ದವು. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಅವನು ಏಳನೆಯದನ್ನು ಓಡಿಸಿ ತೋರಿಸುತ್ತಿದ್ದ.

ಅಧಿಕಾರಿ ಹೂವಿನ ಹಾರವನ್ನಿಟ್ಟು ಕೈಮುಗಿದ. ಅವನ ಹಿಂದೆ ಮ್ಯೂಸಿಯಮ್ಮಿನ ಎಲೆಕ್ಟ್ರಿಷಿಯನ್ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಗಿರಣಿಯ ಕೊನೆಯ ಐದು ವರ್ಷ ಅಲ್ಲಿಯೇ ದುಡಿದಿದ್ದವನು ಅವನು.

"ಅಮ್ಮಾ, ಗಾಡಿ ಹೇಗೂ ಗಿರಣಿ ಮುಂದೇನೇ ಹೋಗಬೇಕು," ಎಂದ ಅಧಿಕಾರಿ. "ಹನ್ನೊಂದಕ್ಕೆ ಸರಿಯಾಗಿ ಗೇಟಿನಲ್ಲಿ ಎರಡು ನಿಮಿಷ ನಿಲ್ಲಿಸೋಣ. ಆ ಎರಡು ನಿಮಿಷ ಏಳನೇ ಮಗ್ಗ ಓಡಲಿ. ಅವರು ಕೇಳ್ಕೊಂಡು ಹೋಗಲಿ."

"ಅದು ಓಡಲ್ಲ ಸಾರ್," ಎಂದ ಎಲೆಕ್ಟ್ರಿಷಿಯನ್ ಬಾಗಿಲಿನಿಂದ. "ಹಿಡಿಕೆಗೆ ಬಟ್ಟೆ ಇದೆ."

"ನಿನ್ನೆಯಿಂದ ಇದೇ ರಾಗ ಅಮ್ಮಾ. ಮೊನ್ನೆ ಅವರು ಬಟ್ಟೆ ಕಟ್ಟಿ ಏನೋ ರಿಪೇರಿ ಮಾಡ್ತಿದ್ರಂತೆ. 'ಒಂಚೂರು ಹೊರಗೆ ಕೂತು ಬರ್ತೀನಿ' ಅಂತ ಬೆಂಚಿಗೆ ಹೋದವರು ಮತ್ತೆ ಏಳಲಿಲ್ಲ. ಬಟ್ಟೆ ಹಾಗೇ ಇದೆ. ಬಿಚ್ಚಪ್ಪಾ ಅಂದ್ರೆ ಇವನು ಬಿಚ್ಚಲ್ಲ."

"ಕಟ್ಟಿದವರೇ ಬಿಚ್ಚಬೇಕು ಸಾರ್."

"ಕಟ್ಟಿದವರು ಇಲ್ವಲ್ಲಪ್ಪ ಈಗ."

"ಅದಕ್ಕೇ ಮುಟ್ಟಿಲ್ಲ."

ಗಿರಣಿಯ ಆ ಕಟ್ಟಳೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಮಗ್ಗದೊಳಗೆ ಕೈ ಹಾಕುವವನು ಮೊದಲು ಅದನ್ನು ಚಾಲೂ ಮಾಡುವ ಹಿಡಿಕೆಗೆ ಒಂದು ಗೇಣು ಬಟ್ಟೆ ಕಟ್ಟಬೇಕು. ಬಟ್ಟೆ ಇದ್ದರೆ ಒಳಗೆ ಯಾರದೋ ಕೈ ಇದೆಯೆಂದು ಅರ್ಥ. ಮಾಲೀಕನೇ ಬಂದು ನಿಂತರೂ ಸರಿ, ಕಟ್ಟಿದ ಕೈಯ ಹೊರತು ಬೇರೆ ಕೈ ಅದನ್ನು ಮುಟ್ಟಕೂಡದು.

"ಅದಕ್ಕೇ ನಿಮ್ಮನ್ನ ಕೇಳೋಕೆ ಬಂದೆ," ಎಂದ ಅಧಿಕಾರಿ. "ಅವರಿಗೆ ನಿಮಗಿಂತ ಹತ್ತಿರದವರು ಯಾರಿದ್ದಾರೆ? ನೀವೂ ಅದೇ ಗಿರಣೀಲಿ ಎಳೆ ಕಟ್ಟಿದವರು. ನಿಮ್ಮ ಕೈಯಿಂದಲೇ ಆ ಬಟ್ಟೆ ಬಿಚ್ಚಿದ್ರೆ ಅದಕ್ಕಿಂತ ಗೌರವ ಇನ್ನೇನಿದೆ?"

ಅವಳ ಕೈಯ ಟವೆಲು ಕೆಳಗೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ಮಗಳು ಎತ್ತಿಕೊಟ್ಟಳು.

ಅಧಿಕಾರಿ ಜೇಬಿನಿಂದ ಒಂದು ಹಾಳೆ ತೆಗೆದ. "ಮಗ್ಗದ ಪಕ್ಕ ಅವರ ಫೋಟೋ ಹಾಕ್ತೀವಿ. ಕೆಳಗೆ ಹಿತ್ತಾಳೆ ಫಲಕ. ಅವರು ಬಂದವರಿಗೆಲ್ಲ ಹೇಳ್ತಿದ್ದ ಕತೆ, ಅವರ ಮಾತಲ್ಲೇ. ಕೇಳಿ: 'ಒಂದು ಕ್ಷಣದ ಮರೆವು. ಬಟ್ಟೆ ಕಟ್ಟಲು ನಾನು ಮರೆತೆ. ಮಗ್ಗ ಮರೆಯಲಿಲ್ಲ.'"

"ಚೆನ್ನಾಗಿದೆ," ಎಂದಳು ಗಂಡನ ಅಕ್ಕ. "ಮರೆತದ್ದಕ್ಕೂ ಹಿತ್ತಾಳೆ ಬಂತು ನೋಡು."

"ನಾಳೆ ಕೆತ್ತೋಕೆ ಕೊಡ್ತೀನಿ. ಆಗಬಹುದಲ್ವಾ ಅಮ್ಮಾ?"

ಅವಳು ಬೋಗುಣಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಹೋಗುವಷ್ಟರಲ್ಲಿ ನೀರು ಅರ್ಧ ತುಳುಕಿತ್ತು.

*

ಅವಳಿಗೆ ಆಗ ಇಪ್ಪತ್ತೈದು. ಹಾಸಿನಲ್ಲಿ ಹರಿದ ಎಳೆಗಳನ್ನು ಗಂಟುಹಾಕಿ ಹಣಿಗೆಯ ಹಲ್ಲುಗಳ ನಡುವೆ ಪೋಣಿಸುವುದು ಕೆಲಸ. ಬಟ್ಟೆ ಕಟ್ಟು, ಒಳಗೆ ಬಾಗು, ಗಂಟು ಹಾಕು, ಬಟ್ಟೆ ಬಿಚ್ಚು, ಮುಂದಿನ ಮಗ್ಗಕ್ಕೆ ಓಡು. ಇನ್ನೂರು ಮಗ್ಗಗಳ ಸದ್ದಿನಲ್ಲಿ ಪಕ್ಕದವರ ಕಿವಿಯಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ.

ಆ ದಿನ ಏಳನೆಯ ಮಗ್ಗದಲ್ಲಿ ಆರು ಎಳೆ ಹರಿದಿದ್ದವು. ಅವಳು ಗಂಟುಹಾಕಿ ಮುಗಿಸಿ, ಕತ್ತರಿ ತರಲೆಂದು ಕಂಬದವರೆಗೆ ಹೋಗಿ ಬಂದಳು. ಅಷ್ಟರಲ್ಲಿ ಓವರ್‌ಸಿಯರ್ ಸಾಲಿನ ತುದಿಯಲ್ಲಿ ನಿಂತು ಮಗ್ಗದ ಕಡೆಗೂ ಗಡಿಯಾರದ ಕಡೆಗೂ ಬೆರಳು ತೋರಿಸುತ್ತಿದ್ದ. ಹಿಡಿಕೆಯ ಮೇಲೆ ಬಟ್ಟೆ ಇತ್ತು. ಅಯ್ಯೋ, ನನ್ನದನ್ನು ಬಿಚ್ಚದೇ ಹೋಗಿದ್ದೆನಲ್ಲ ಎಂದುಕೊಂಡಳು. ಎಲ್ಲರ ಬಟ್ಟೆಗಳೂ ಒಂದೇ ಥಾನಿನ ಅಂಚಿನಿಂದ ಹರಿದುಕೊಂಡಂಥವು. ಒಂದಕ್ಕೂ ಇನ್ನೊಂದಕ್ಕೂ ಕೂದಲಿನಷ್ಟು ವ್ಯತ್ಯಾಸವಿರಲಿಲ್ಲ. ಬಿಚ್ಚಿದಳು. ಹಿಡಿಕೆ ತಳ್ಳಿದಳು.

ಮಗ್ಗ ಎರಡು ಹೊಡೆತ ಹೊಡೆದು ಮೂರನೆಯದಕ್ಕೆ ಮುಗ್ಗರಿಸಿ ನಿಂತಿತು. ರಿಪೇರಿಗೆಂದು ಒಳಗೆ ಕೈ ಹಾಕಿದ್ದ ಅವನು ಕೆಳಗಿನಿಂದ ಹೊರಬಂದ. ಕೂಗಿದನೋ ಇಲ್ಲವೋ ಆ ಸದ್ದಿನಲ್ಲಿ ಅವಳಿಗೆ ತಿಳಿಯಲಿಲ್ಲ. ಬಾಯಿ ಮಾತ್ರ ತೆರೆದಿತ್ತು. ಅವಳ ಕೈ ತಾನಾಗಿ ಏಪ್ರನ್ನಿನ ಜೇಬಿಗೆ ಇಳಿಯಿತು. ಅಲ್ಲಿ ಅವಳ ಬಟ್ಟೆ ಇತ್ತು. ಐದು ನಿಮಿಷದ ಹಿಂದೆಯೇ ಬಿಚ್ಚಿ, ಮಡಿಸಿ, ಇಟ್ಟುಕೊಂಡಿದ್ದಳು.

ದವಾಖಾನೆಯ ಮೊಣಕಾಲುದ್ದದ ಸ್ಟೂಲಿನ ಮೇಲೆ ಕುಳಿತು ಅವನು ಕೇಳಿದ: "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಈಗ ಹೋಗಿ ಹೇಳ್ತೀನಿ."

"ಏನಂತ?"

"ನಾನೇ ಬಿಚ್ಚಿದೆ ಅಂತ."

"ಹೇಳಿದ್ರೆ ಇವತ್ತೇ ನಿನ್ನ ಹೊರಗೆ ಹಾಕ್ತಾರೆ. ನಿಮ್ಮನೇಲಿ ಐದು ಜನ. ನನ್ನ ಬೆರಳು ಹೇಗೂ ವಾಪಸ್ ಬರಲ್ಲ." ಅವನು ಬ್ಯಾಂಡೇಜನ್ನು ಬೇರೆಯವರ ಕೈ ಎಂಬಂತೆ ನೋಡಿಕೊಂಡ. "ನಾನು ಕಟ್ಟೋದು ಮರೆತೆ ಅಂತ ಬರೆಸಿ ಆಯ್ತು. ನೀನು ಬಾಯಿ ಮುಚ್ಕೊಂಡಿರು."

ರಿಜಿಸ್ಟರಿನಲ್ಲಿ 'ನೌಕರನ ಸ್ವಂತ ಅಜಾಗರೂಕತೆ' ಎಂದು ದಾಖಲಾಯಿತು. ಆ ವರ್ಷ ಮೇಸ್ತ್ರಿಯಾಗಬೇಕಿದ್ದವನು ಆಗಲಿಲ್ಲ, ಆಮೇಲೆಯೂ ಆಗಲಿಲ್ಲ. ಎಂಟು ತಿಂಗಳ ನಂತರ ಅವನು ಮದುವೆಯ ಮಾತೆತ್ತಿದಾಗ ಮೊದಲೇ ಹೇಳಿಬಿಟ್ಟಿದ್ದ: "ಋಣ ತೀರಿಸೋಕೆ ಅಂತ ಬರೋದಾದ್ರೆ ಬೇಡ."

"ಋಣಕ್ಕಲ್ಲ," ಎಂದಿದ್ದಳು ಅವಳು. "ನಿಮ್ಮ ಅಂಗಿ ಗುಂಡಿ ಹಾಕೋಕೆ ಯಾರಾದ್ರೂ ಬೇಕಲ್ಲ."

ಅವನು ನಕ್ಕಿದ್ದ. ಆ ವಿಷಯವಾಗಿ ಅವರಿಬ್ಬರೂ ಆಡಿದ ಮಾತು ಅಷ್ಟೆ. ಪ್ರತಿಯೊಬ್ಬರೂ ತಮ್ಮ ಬಟ್ಟೆಗೆ ಬೇರೆ ಗುರುತು ಹೊಲಿದುಕೊಳ್ಳಬೇಕೆಂದು ಗಿರಣಿಯಲ್ಲಿ ಹಟಹಿಡಿದು ಒಪ್ಪಿಸಿದವನೂ ಅವನೇ. ಅವನ ಬಟ್ಟೆಗೆ ಎರಡು ಕೆಂಪು ಹೊಲಿಗೆ, ತನ್ನದಕ್ಕೆ ಒಂದು, ಅವಳೇ ಹಾಕಿದಳು.

*

"ಅಕ್ಕಾ."

ಎಲೆಕ್ಟ್ರಿಷಿಯನ್ ಅಡುಗೆಮನೆಯ ಬಾಗಿಲಲ್ಲಿದ್ದ. ಅವಳು ತೊಳೆದ ಬೋಗುಣಿಯನ್ನೇ ಮತ್ತೆ ತೊಳೆಯುತ್ತಿದ್ದಳು.

"ನನ್ನ ಮೇಲೆ ಬೇಜಾರಾ? ನಾನು ಬಿಚ್ಚಲ್ಲ ಅಂದಿದ್ದಕ್ಕೆ?"

"ಇಲ್ಲಪ್ಪ."

"ನನಗೆ ಆ ಬಟ್ಟೆ ನೋಡಿದ್ರೆ ಎದೆ ಧಸಕ್ ಅನ್ನತ್ತೆ. ಕೆಲಸ ಕಲಿಸಿದ ಮೊದಲನೇ ದಿನ ಅವರು ನನಗೆ ಕಲಿಸಿದ್ದು ಅದೊಂದೇ." ಅವನು ಒಂದು ಹೆಜ್ಜೆ ಒಳಗೆ ಬಂದು ದನಿ ತಗ್ಗಿಸಿದ. "ಒಂದು ಮಾತು ಬಹಳ ದಿನದಿಂದ ತಲೆ ತಿಂತಿದೆ. ಕಟ್ಟೋದೇ ಮರೆತವರು, ಬಟ್ಟೆಗೆ ಗುರುತು ಹಾಕ್ಸೋಕೆ ಯಾಕೆ ಅಷ್ಟು ಒದ್ದಾಡಿದ್ರು?"

ಅವಳು ನಲ್ಲಿ ನಿಲ್ಲಿಸಿದಳು, ತಿರುಗಲಿಲ್ಲ.

"ಹೋಗಲಿ ಬಿಡಿ," ಎಂದ ಅವನು. "ಕಳೆದ ವಾರದಿಂದ ಅವರು ಕತೇನೇ ಹೇಳ್ತಿರಲಿಲ್ಲ. ಆ ಬಲಗೈ ಜೇಬಿಗೆ ಹಾಕ್ಕೊಂಡು ನಿಂತುಬಿಡೋರು. ಯಾರೋ ಎರಡನೇ ಸಲ ಬಂದವರು, ಆ ಬೆರಳಿನ ಕತೆ ಹೇಳಿ ಅಂತ ಗಂಟುಬಿದ್ರು. 'ಅದು ನನ್ನೊಬ್ಬನದಲ್ಲ, ಹಾಗೆಲ್ಲ ಹೇಳೋಕಾಗಲ್ಲ' ಅಂದ್ರು. ಅವತ್ತು ನನಗೆ ಅರ್ಥ ಆಗಲಿಲ್ಲ."

*

ಕಳೆದ ವಾರ ಊಟದ ಮುಂದೆ ಜಗಳವಾಗಿತ್ತು. ಜಗಳವೆನ್ನುವುದಕ್ಕೂ ಇಲ್ಲ, ಆಡಿದವಳು ಅವಳೊಬ್ಬಳೇ.

ಎರಡು ವರ್ಷದ ಹಿಂದೆ ಮಂಡಿನೋವೆಂದು ಬಿಡುವವರೆಗೆ ಅವಳೂ ಮ್ಯೂಸಿಯಮ್ಮಿನಲ್ಲಿ ವಾರಕ್ಕೆ ಮೂರು ದಿನ ಎಳೆ ಕಟ್ಟುತ್ತಿದ್ದಳು. ಅವನು ಬಂದವರನ್ನು ಸಾಲಾಗಿ ನಿಲ್ಲಿಸಿ, "ಕೈ ಬೆನ್ನ ಹಿಂದೆ ಕಟ್ಕೊಳ್ಳಿ. ಮಾವನ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ. ಇಲ್ಲಿ ಯಾವುದನ್ನೂ ಮುಟ್ಟೋ ಹಾಗಿಲ್ಲ," ಎನ್ನುತ್ತಿದ್ದ. ಎಲ್ಲರೂ ನಗುತ್ತ ಕೈಗಳನ್ನು ಹಿಂದೆ ಕಟ್ಟಿಕೊಂಡ ಮೇಲೆ ತನ್ನ ಬಲಗೈಯನ್ನು ಎತ್ತಿ ಹಿಡಿಯುತ್ತಿದ್ದ. "ನಾನು ಒಂದು ದಿನ ಬಟ್ಟೆ ಕಟ್ಟೋದು ಮರೆತೆ, ನೋಡಿ." ಹೆಂಗಸರು ಲೊಚಗುಟ್ಟುವರು. ಮಕ್ಕಳು ಮುಂದೆ ಬಂದು ಎಣಿಸುವರು. ಹತ್ತು ಹೆಜ್ಜೆ ಆಚೆ ಅವಳು ತಲೆ ತಗ್ಗಿಸಿ ಗಂಟು ಹಾಕುವಳು. ಬರಬರುತ್ತ ಆ ಕತೆಗೆ ಕೈಕಾಲು ಮೂಡಿದವು. ಅಂದು ಹಾಡು ಗುನುಗುತ್ತಿದ್ದೆನೆಂದೂ ಅದಕ್ಕೇ ಮರೆತೆನೆಂದೂ ಸೇರಿಸಿದ. ಮನೆಯಲ್ಲಿ ಕೂತ ಮೇಲೂ ಹನ್ನೊಂದು ಹೊಡೆದರೆ, ಮೂರು ಹೊಡೆದರೆ, ಈಗ ಹೇಳುತ್ತಿರುತ್ತಾನೆ ಎಂದು ಅವಳ ಕೈಕೆಲಸ ತಪ್ಪುತ್ತಿತ್ತು.

"ದಿನಕ್ಕೆರಡು ಸಲ," ಎಂದಿದ್ದಳು ಆ ರಾತ್ರಿಯೂಟದ ಹೊತ್ತಿಗೆ. "ಹದಿನಾರು ವರ್ಷ. ನನ್ನ ಉಳಿಸ್ತಿದ್ದೀರೋ, ಶಿಕ್ಷೆ ಕೊಡ್ತಿದ್ದೀರೋ? ಅದೊಂದು ಹೇಳಿಬಿಡಿ."

ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಅವಳನ್ನು ನೋಡಿದ. ಅಂತಹ ಪ್ರಶ್ನೆಯೊಂದು ಈ ಮನೆಯಲ್ಲಿ ಇಷ್ಟು ವರ್ಷ ತನ್ನ ಜೊತೆಗೇ ಇತ್ತೆಂಬುದು ಅವನಿಗೆ ಗೊತ್ತೇ ಇರಲಿಲ್ಲವೆಂದು ಮುಖದಲ್ಲಿ ಬರೆದಿತ್ತು. ಕೈತೊಳೆದು, ಬಾಗಿಲ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದ.

*

ಗಾಡಿ ಗಿರಣಿಯ ಗೇಟಿನ ಮುಂದೆ ನಿಂತಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಹಳೆಯ ಕೆಲಸಗಾರರು ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿದ್ದರು. ಅಧಿಕಾರಿ ಗಾಡಿಯ ಬಾಗಿಲು ತೆರೆದು ಕೈ ಚಾಚಿದ. ಅವಳು ಇಳಿದಳು, ಹಿಂದೆಯೇ ಮಗಳು.

"ನಾನೂ ಬರ್ತೀನಿ," ಎಂದಳು ಗಂಡನ ಅಕ್ಕ. "ಇಷ್ಟು ವರ್ಷ ಈ ಗೇಟು ದಾಟಿಲ್ಲ. ನನ್ನ ತಮ್ಮನ ಬೆರಳು ತಿಂದದ್ದು ಯಾವುದು ಅಂತ ಒಂದು ಸಲ ನೋಡ್ತೀನಿ."

ನೇಯ್ಗೆಯ ಮನೆಯಲ್ಲಿ ಎಣ್ಣೆಯ, ಹತ್ತಿಯ ಧೂಳಿನ, ಹಳೆಯ ತೊಗಲಿನ ವಾಸನೆ ಹಾಗೆಯೇ ಇತ್ತು. ಏಳನೆಯ ಮಗ್ಗದಲ್ಲಿ ಎರಡು ಮೊಳ ನೇಯ್ದ ಬಟ್ಟೆ ಬಿಗಿಯಾಗಿ ನಿಂತಿತ್ತು. ಹಿಡಿಕೆಯಿಂದ ಗೇಣುದ್ದದ ಬಟ್ಟೆ ಇಳಿಬಿದ್ದಿತ್ತು. ಅದರ ತುದಿಯಲ್ಲಿ ಎರಡು ಕೆಂಪು ಹೊಲಿಗೆಗಳು, ಒಗೆದು ಒಗೆದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

ಅಧಿಕಾರಿ ಗಡಿಯಾರ ನೋಡಿಕೊಂಡ. "ಬಿಚ್ಚಿ ಅಮ್ಮಾ."

ಅವಳು ಬೆರಳನ್ನು ಗಂಟಿನ ಮೇಲಿಟ್ಟಳು. ಅದೇ ಗಂಟು, ಎಡಗೈಯಲ್ಲಿ ಹಾಕಿ ಬಲಗೈಯ ಹೆಬ್ಬೆರಳಿನಿಂದ ಒತ್ತಿದ್ದು. ಬೆರಳು ಅಲ್ಲಿಯೇ ನಿಂತಿತು. ಆಮೇಲೆ ಕೆಂಡ ಮುಟ್ಟಿದಂತೆ ಹಿಂದಕ್ಕೆ ಬಂತು.

"ಇದನ್ನ ನಾನು ಒಂದು ಸಲ ಬಿಚ್ಚಿದ್ದೀನಿ," ಎಂದಳು.

ಆಮೇಲೆ ಗಂಡನ ಅಕ್ಕನ ಕಡೆ ತಿರುಗಿದಳು.

"ಅವರು ಕಟ್ಟೋದು ಮರೀಲಿಲ್ಲ ಅತ್ತಿಗೆ. ಕಟ್ಟೇ ಒಳಗೆ ಕೈ ಹಾಕಿದ್ರು. ನನ್ನದು ಅಂದ್ಕೊಂಡು ನಾನು ಬಿಚ್ಚಿ ಹಿಡಿಕೆ ತಳ್ಳಿದೆ. ನನ್ನದು ನನ್ನ ಜೇಬಲ್ಲೇ ಇತ್ತು. ನನ್ನ ಕೆಲಸ ಹೋಗಬಾರದು ಅಂತ ಅವರು ಮರೆತೆ ಅಂತ ಬರೆಸಿದ್ರು."

"ಅಮ್ಮಾ," ಎಂದಳು ಮಗಳು.

ಗಂಡನ ಅಕ್ಕ ಮಗ್ಗವನ್ನು ನೋಡಿದಳು, ಬಟ್ಟೆಯನ್ನು ನೋಡಿದಳು, ಕಟ್ಟಕಡೆಗೆ ಅವಳನ್ನು ನೋಡಿದಳು.

"ನಲವತ್ತೊಂದು ವರ್ಷ ನಾನು ಅವನನ್ನ ಮರೆಗುಳಿ ಅಂದೆ. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡೆ."

"ಹೂಂ."

"ನಾನಂದಾಗ ನಗ್ತಿದ್ದೆ ಬೇರೆ."

"ಒಂದೆರಡು ಸಲ ನಕ್ಕಿದ್ದೀನಿ ಅತ್ತಿಗೆ."

"ಅವನೂ ನಗ್ತಿದ್ದ," ಎಂದಳು ಮುದುಕಿ ಮೆಲ್ಲನೆ. ಆ ಎರಡು ದಿನಗಳಲ್ಲಿ ಮೊದಲ ಸಲ ಅವಳ ಬಾಯಿಗೆ ಬೈಗುಳ ಬರಲಿಲ್ಲ.

ಅಧಿಕಾರಿ ಕೆಮ್ಮಿದ. "ಅಮ್ಮಾ, ಫಲಕದ ವಿಷಯ ಆಮೇಲೆ ನೋಡೋಣ, ಬದಲಾಯಿಸೋಣ. ಆದ್ರೆ ಹೊರಗೆ ಎಲ್ಲರೂ ಕಾಯ್ತಿದ್ದಾರೆ. ಈಗ ಒಳಗೆ ಯಾರ ಕೈಯೂ ಇಲ್ಲ. ಅವರು ಗಾಡಿಯಲ್ಲಿದ್ದಾರೆ. ಇದು ಬರೀ ಬಟ್ಟೆ."

"ಅವತ್ತು ನಾನೂ ಹಾಗೇ ಅಂದ್ಕೊಂಡೆ," ಎಂದಳು ಅವಳು. "ಒಳಗೆ ಏನಿದೆ ಅಂತ ನೀವು ನೋಡಿದ್ರಾ?"

ಅಧಿಕಾರಿ ಎಲೆಕ್ಟ್ರಿಷಿಯನ್ನನ ಕಡೆ ನೋಡಿದ. ಎಲೆಕ್ಟ್ರಿಷಿಯನ್ ನೆಲ ನೋಡಿದ.

ಕಂಬದ ಮೊಳೆಗಳಲ್ಲಿ ಒಂದಕ್ಕೆ ಅವಳ ಬಟ್ಟೆ ಇನ್ನೂ ನೇತಾಡುತ್ತಿತ್ತು. ಎರಡು ವರ್ಷದ ಧೂಳನ್ನು ಕೊಡವಿ ಅದನ್ನು ತಂದಳು. ಗಂಡನ ಬಟ್ಟೆಯ ಪಕ್ಕದಲ್ಲಿ, ಅದಕ್ಕೆ ತಾಗದಂತೆ, ಹಿಡಿಕೆಗೆ ಕಟ್ಟಿದಳು. ಎರಡು ಸಲ ಎಳೆದು ನೋಡಿದಳು. ಆಮೇಲೆ ಮಗಳ ಭುಜ ಹಿಡಿದು, ಒಂದೊಂದೇ ಮಂಡಿಯನ್ನು ಊರಿ, ಮಗ್ಗದ ಪಕ್ಕ ಕೆಳಗೆ ಬಾಗಿದಳು.

"ಅಕ್ಕಾ, ನಾನು ನೋಡ್ತೀನಿ, ಬಿಡಿ."

"ನೀನು ಹಿಡಿಕೆ ಹತ್ತಿರ ನಿಂತ್ಕೋ. ಯಾರೂ ಮುಟ್ಟಬಾರದು."

ಅವಳ ಬಲಗೈ ಕತ್ತಲೆಯೊಳಗೆ ಇಳಿಯಿತು. ಕಣ್ಣಿಗಿಂತ ಬೆರಳಿಗೆ ಹೆಚ್ಚು ಗೊತ್ತಿದ್ದ ಜಾಗ ಅದು. ತಣ್ಣನೆಯ ಅಚ್ಚು, ಎಣ್ಣೆಯ ಜಿಗುಟು, ಹಲ್ಲುಚಕ್ರದ ಅಂಚು. ಹಲ್ಲನ್ನು ಎಣಿಸುತ್ತ ಬೆರಳು ಮುಂದೆ ಸರಿಯಿತು. ಒಂದು ಕಡೆ ತಡೆಯಿತು.

ಹೊರಗೆ ಎಳೆದಾಗ ಅವಳ ಕೈಯಲ್ಲಿ ಮೊಳದುದ್ದದ ಸ್ಪ್ಯಾನರೊಂದು ಇತ್ತು.

ಎಲೆಕ್ಟ್ರಿಷಿಯನ್ನನ ಮುಖ ಬಿಳಿಚಿತು. "ಎರಡು ಚಕ್ರದ ಮಧ್ಯೆ ಇತ್ತಾ? ತಳ್ಳಿದ್ದಿದ್ರೆ ಹಲ್ಲೆಲ್ಲ ಉದುರಿ ಹೋಗಿರೋದು. ಈ ಚಕ್ರ ಇನ್ನೆಲ್ಲೂ ಸಿಗಲ್ಲ ಸಾರ್."

"ಮರೆತು ಬಿಟ್ಟು ಹೋಗಿದ್ರಾ?" ಎಂದ ಅಧಿಕಾರಿ.

"ಮರೆತದ್ದಲ್ಲ," ಎಂದವಳು ಗಂಡನ ಅಕ್ಕ. ದನಿ ಮೊದಲಿನ ಹಾಗೆ ಗಡಸಾಗಿತ್ತು. ಗುರಿ ಮಾತ್ರ ಬೇರೆಯಾಗಿತ್ತು. "ವಾಪಸ್ ಬರ್ತೀನಿ ಅಂತ ಇಟ್ಟು ಹೋಗಿದ್ದ. ಅದಕ್ಕೇ ಅಲ್ವಾ ಬಟ್ಟೆ ಕಟ್ಟಿ ಹೋಗಿದ್ದು?"

ಅಧಿಕಾರಿ ಜೇಬಿನ ಮೇಲೆ, ಹಾಳೆ ಇದ್ದ ಕಡೆ, ಒಮ್ಮೆ ಕೈಯಿಟ್ಟುಕೊಂಡ.

ಅವಳು ಎದ್ದು ನಿಂತಳು. ಸ್ಪ್ಯಾನರನ್ನು ಮಗ್ಗದ ಮೇಲಿನ ಹಲಗೆಯಲ್ಲಿ ಅದರ ಜಾಗದಲ್ಲಿಟ್ಟಳು. ಎಲೆಕ್ಟ್ರಿಷಿಯನ್ ಒರೆಸಿಕೊಳ್ಳಲು ಹತ್ತಿಯ ಚಿಂದಿ ಚಾಚಿದ; ಅವಳು ತೆಗೆದುಕೊಳ್ಳಲಿಲ್ಲ.

"ನಿಮ್ಮದಾದ್ರೂ ಬಿಚ್ಚಲ್ವಾ ಅಕ್ಕಾ?"

"ನನ್ನ ಕೆಲಸ ಮುಗಿದಿಲ್ಲ. ಒಳಗೆ ಅವರು ಬಿಟ್ಟುಹೋದ ನಟ್ಟು ಇನ್ನೂ ಸಡಿಲ ಇದೆ, ಬಿಗಿ ಮಾಡೋದಿದೆ. ನಾಳಿದ್ದು ಬರ್ತೀನಿ."

"ಹಾಗಾದ್ರೆ ಎಂಟನೇದು ಓಡಿಸ್ಲಾ?"

ಅವಳು ತಲೆಯಾಡಿಸಿದಳು.

ಮೇಲಿನ ಸಲಾಕೆ ನರಳಿ ತಿರುಗತೊಡಗಿತು. ಬೆಲ್ಟುಗಳು ಪಟಪಟನೆ ಎಚ್ಚೆತ್ತವು. ಎಲೆಕ್ಟ್ರಿಷಿಯನ್ ಎಂಟನೆಯದರ ಕೆಳಗೆ ಬಗ್ಗಿ ನೋಡಿ, ಎದ್ದು ಹಿಡಿಕೆ ತಳ್ಳಿದ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯಿತು. ಸದ್ದು ಗೋಡೆ ದಾಟಿ, ಅಂಗಳ ದಾಟಿ, ಗೇಟಿನಲ್ಲಿ ನಿಂತ ಗಾಡಿಯತ್ತ ಹೋಯಿತು. ಕಾಲಡಿಯ ನೆಲ ನಡುಗಿತು. ಓಡದೆ ನಿಂತ ಏಳನೆಯ ಮಗ್ಗದ ಹಿಡಿಕೆಯ ಮೇಲೆ ಎರಡು ಹೊಲಿಗೆಯ ಬಟ್ಟೆಯೂ ಒಂದು ಹೊಲಿಗೆಯ ಬಟ್ಟೆಯೂ ಅಕ್ಕಪಕ್ಕದಲ್ಲಿ ಅದುರಿದವು.

ಮುದುಕಿ ಎರಡು ಹೆಜ್ಜೆ ಮುಂದೆ ಬಂದಳು. ತಮ್ಮನ ಬಟ್ಟೆಯ ತುದಿಯತ್ತ ಬೆರಳು ಚಾಚಿದಳು. ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತು, ಕೈಯನ್ನು ಹಿಂದೆಗೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅದನ್ನು ಕಂಡು ಮಗಳು ಕಟ್ಟಿಕೊಂಡಳು. ಬಾಗಿಲಲ್ಲಿ ಬಂದು ನೆರೆದಿದ್ದ ಹಳಬರು ಕಟ್ಟಿಕೊಂಡರು. ಕೊನೆಗೆ, ಅತ್ತಿತ್ತ ನೋಡಿ, ಅಧಿಕಾರಿಯೂ.

ಅವಳೊಬ್ಬಳ ಕೈ ಮಾತ್ರ ಮುಂದೆ ಇತ್ತು. ಐದೂ ಉಗುರುಗಳ ಸಂದಿಯಲ್ಲಿ ಕಪ್ಪು.